ಪಂಚಾಯ್ತಿ ಬೇಡ ಅಂದಿತು, ಇಒ ಕೊಡಿ ಅಂದರು: ನಾವು ಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಸದಸ್ಯೆ. ನಮ್ಮೂರ ಗುಡ್ಡದ ಬುಡದಲ್ಲಿ ಜಲ್ಲಿ ಕ್ರಷರ್ ಹಾಕಲು ಒಬ್ಬರು ಅರ್ಜಿ ಕೊಟ್ಟಿದ್ದರು. ಕೆರೆ, ಶಾಲೆ ಎರಡೂ ಅಲ್ಲೇ ಹತ್ತಿರ ಇವೆ. ಗ್ರಾಮಸಭೆಯಲ್ಲಿ ಜನ ಬೇಡ ಅಂದರು. ಪಂಚಾಯ್ತಿ ಸಭೆಯಲ್ಲಿ ನಾವೂ ಅನುಮತಿ ನಿರಾಕರಿಸಿದೆವು. ಅವರು ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ತಿರ ಅಪೀಲು ಹೋದರು. ಇಒ ನಮ್ಮ ಠರಾವು ರದ್ದು ಮಾಡಿ, ಅನುಮತಿ ಕೊಡಿ ಎಂದು ಆದೇಶಿಸಿದ್ದಾರೆ. ನಾವು ಕೋರ್ಟಿಗೆ ಹೋಗೋಣ ಅಂದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಒಪ್ಪುತ್ತಿಲ್ಲ. "ಪಂಚಾಯ್ತಿನೂ ಸರ್ಕಾರವೇ, ಸರ್ಕಾರದ ಮೇಲೆ ಸರ್ಕಾರ ಹೇಗೆ ಕೇಸು ಹಾಕುತ್ತದೆ" ಅನ್ನುತ್ತಾರೆ. ಒಡಿಶಾದಲ್ಲಿ ಗ್ರಾಮಸಭೆ ಗಣಿಯನ್ನೇ ನಿಲ್ಲಿಸಿತಂತೆ. ಲಾ ಓದುತ್ತಿರುವ ನನ್ನ ಮಗ ಮಾತ್ರ, ಸ್ಕಾಟ್ಲೆಂಡಿನ ಪಾರ್ಲಿಮೆಂಟಿಗೇ ಅಧಿಕಾರ ಇಲ್ಲ ಅಂದಿದೆ ಕೋರ್ಟು, ನಿಮ್ಮ ಪಂಚಾಯ್ತಿ ಯಾವ ಲೆಕ್ಕ ಅನ್ನುತ್ತಾನೆ. ನಮಗೆ ನಿಜವಾಗಲೂ ಏನಾದರೂ ಅಧಿಕಾರ ಇದೆಯಾ?

ಉತ್ತರ: ಕೋರ್ಟಿಗೆ ಹೋಗಬಹುದು. ಮೊದಲು ಇದೊಂದನ್ನು ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ಆಮೇಲೆ.

ಪಿಡಿಒ ಹೇಳಿದ ಮಾತು ಅವರೊಬ್ಬರದಲ್ಲ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಚೇರಿಗಳಲ್ಲಿ ಇದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಪಂಚಾಯ್ತಿ ಅಂದರೆ ತಾಲ್ಲೂಕು ಕಚೇರಿಯ ಕೆಳಗಿನ ಇನ್ನೊಂದು ಕಚೇರಿ ಎಂದೇ ಬಹಳ ಜನ ತಿಳಿದಿದ್ದಾರೆ. ಗೋವಾದ ಕಲಂಗುಟ್ ಗ್ರಾಮ ಪಂಚಾಯ್ತಿಗೂ ಇದೇ ತೊಡಕು ಬಂದಿತ್ತು. ಅದು ಒಂದು ಕಟ್ಟಡ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಿತು. ಪಂಚಾಯ್ತಿ ಇಲಾಖೆಯ ಮೇಲಧಿಕಾರಿ ಅಪೀಲಿನಲ್ಲಿ ಆ ಕ್ರಮವನ್ನು ತಳ್ಳಿಹಾಕಿದರು. ಪಂಚಾಯ್ತಿ ಹೈಕೋರ್ಟಿಗೆ ಹೋದರೆ, ಮೇಲಿನವರ ಆದೇಶವನ್ನು ಪ್ರಶ್ನಿಸುವ ಹಕ್ಕು ನಿಮಗಿಲ್ಲ ಎಂದು ಅರ್ಜಿ ಬಾಗಿಲಲ್ಲೇ ನಿಂತಿತು. ಪಂಚಾಯ್ತಿ ಬಿಡದೆ ದೆಹಲಿಗೆ ಹೋಯಿತು. 2012ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ತನ್ನ ತೀರ್ಮಾನವನ್ನು ಮೇಲಧಿಕಾರಿ ರದ್ದು ಮಾಡಿದರೆ ಪಂಚಾಯ್ತಿ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು.

ಇದರ ಹಿಂದಿನ ತರ್ಕವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ತಹಶೀಲ್ದಾರರ ಆದೇಶವನ್ನು ಎಸಿ (ಉಪವಿಭಾಗಾಧಿಕಾರಿ) ರದ್ದು ಮಾಡಿದರು ಅಂತ ಇಟ್ಟುಕೊಳ್ಳಿ. ತಹಶೀಲ್ದಾರರು ಎಸಿ ಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವುದಿಲ್ಲ. ಅವರಿಬ್ಬರೂ ಒಂದೇ ಸರ್ಕಾರದ ನೌಕರರು. ಆದರೆ ನಿಮ್ಮನ್ನು ನೇಮಿಸಿದ್ದು ಸರ್ಕಾರ ಅಲ್ಲ, ನಿಮ್ಮ ವಾರ್ಡಿನ ಜನ. ಸಂವಿಧಾನದ 9ನೇ ಭಾಗ ನಿಮ್ಮ ಸಂಸ್ಥೆಯನ್ನು ಸ್ವಯಮಾಡಳಿತದ ಸಂಸ್ಥೆ ಎಂದು ಕರೆಯುತ್ತದೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೂ ಗ್ರಾಮ ಪಂಚಾಯ್ತಿ ತನ್ನದೇ ಮೊಹರು ಇರುವ, ತನ್ನ ಹೆಸರಲ್ಲೇ ದಾವೆ ಹೂಡಬಲ್ಲ ಸಂಸ್ಥೆ. ಹಾಗಾಗಿ ಪಿಡಿಒ ಅವರಿಗೆ ಸುಮ್ನೆ ಜಗಳ ಬೇಡ, ಕಲಂಗುಟ್ ತೀರ್ಪಿನ ಪ್ರತಿ ಕೊಡಿ. ಓದಿದ ಮೇಲೆ ಅವರ ಮಾತಿನ ಧಾಟಿ ಬದಲಾಗುತ್ತದೆ.

ಇಷ್ಟಾದ ಮೇಲೆ ಕಷ್ಟದ ಮಾತು. ಕೋರ್ಟಿಗೆ ಹೋಗುವ ಹಕ್ಕು ಇದೆ ಅಂದ ಮಾತ್ರಕ್ಕೆ ಗೆಲುವು ಬಂದಂತಲ್ಲ. ನೀವು ಪತ್ರದ ಜೊತೆ ನಡಾವಳಿ ಪುಸ್ತಕದ ಪುಟದ ಫೋಟೋ ಕಳಿಸಿದ್ದೀರಿ. ಅದನ್ನು ನಾನು ಮೂರು ಸಲ ಓದಿದೆ. ವಿಷಯ ಸಂಖ್ಯೆ, ಅರ್ಜಿದಾರರ ಹೆಸರು, ಸರ್ವೆ ನಂಬರ್ ಎಲ್ಲ ಇದೆ. ಅದರ ಕೆಳಗೆ ಒಂದೇ ಸಾಲು: "ಸದರಿ ವಿಷಯವನ್ನು ಸಭೆಯಲ್ಲಿ ಚರ್ಚಿಸಿ, ಗ್ರಾಮಸ್ಥರ ವಿರೋಧವಿರುವುದರಿಂದ ಸರ್ವಾನುಮತದಿಂದ ತಿರಸ್ಕರಿಸಲಾಯಿತು." ಆಮೇಲೆ ಸಹಿಗಳು. ಅಷ್ಟೇ.

ಅಕ್ಕಾ, ನಿಮ್ಮ ಕೇಸಿನ ಗಾಯ ಇರುವುದು ಆ ಸಾಲಿನಲ್ಲಿ. ಕೆರೆ ಎಷ್ಟು ದೂರ ಇದೆ ಅಂತ ಅದರಲ್ಲಿಲ್ಲ. ಶಾಲೆಯ ಮಾತಿಲ್ಲ. ಕಾಯ್ದೆಯ ಯಾವ ಪ್ರಕರಣದ (ಸೆಕ್ಷನ್) ಕೆಳಗೆ ನಿರಾಕರಿಸಿದಿರಿ ಅಂತಿಲ್ಲ. ಅರ್ಜಿದಾರರನ್ನು ಕರೆದು ಕೇಳಿದಿರಾ, ಅದೂ ಇಲ್ಲ. ಸಭೆಯಲ್ಲಿ ನೀವೆಲ್ಲ ಗಂಟೆಗಟ್ಟಲೆ ಮಾತಾಡಿರುತ್ತೀರಿ. ಧೂಳು, ಬೋರ್‌ವೆಲ್, ಟಿಪ್ಪರ್ ಓಡಾಟ, ಮಕ್ಕಳು ಎಲ್ಲ ಬಂದಿರುತ್ತದೆ. ಪುಸ್ತಕಕ್ಕೆ ಇಳಿದದ್ದು ಒಂದು ಸಾಲು. ಕೋರ್ಟು ನಿಮ್ಮ ಸಭೆಗೆ ಬಂದು ಕೂತಿರಲಿಲ್ಲ. ಅದರ ಮುಂದೆ ಇರುವುದು ಪುಸ್ತಕ ಮಾತ್ರ.

ಇದನ್ನು ನಾನು ಓದಿ ಕಲಿತದ್ದಲ್ಲ. ನಮ್ಮ ಭಾಗದ ಒಂದು ಪಂಚಾಯ್ತಿ ಪರವಾಗಿ ಹಿಂದೆ ನಾನೇ ಇಂಥ ಕೇಸು ನಡೆಸಿದ್ದೆ. ಊರಿನವರ ಮಾತು ನೂರಕ್ಕೆ ನೂರು ಸರಿ ಇತ್ತು. ನ್ಯಾಯಾಧೀಶರು ನಡಾವಳಿ ಪುಟ ತಿರುಗಿಸಿ ನೋಡಿ, "ಕಾರಣ ಎಲ್ಲಿದೆ ತೋರಿಸಿ" ಅಂದರು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಬಾಯಲ್ಲಿ ಹೇಳಿದೆ. ಈಗ ಹೇಳುವ ಕಾರಣವನ್ನು ಆಗಿನ ಠರಾವಿಗೆ ತುಂಬಲು ಆಗುವುದಿಲ್ಲ ಅಂದರು. ಅವತ್ತು ಅಧ್ಯಕ್ಷರೂ ನನ್ನ ಜೊತೆ ಬಂದಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಚಿತ್ರದುರ್ಗ ದಾಟುವವರೆಗೂ ಒಂದು ಮಾತು ಆಡಲಿಲ್ಲ. ಅಂದಿನಿಂದ ಯಾವ ಪಂಚಾಯ್ತಿಯವರು ಬಂದರೂ ನಾನು ಮೊದಲು ಕೇಳುವುದು ನಡಾವಳಿ ಪುಸ್ತಕ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಪಂಚಾಯ್ತಿಗೆ ಅಧಿಕಾರ ಎಲ್ಲಿಂದ ಬರುತ್ತದೆ?

ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. 11ನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆ. ಕೃಷಿ, ಕುಡಿಯುವ ನೀರು, ರಸ್ತೆ, ಸಣ್ಣ ಕೈಗಾರಿಕೆ, ಶಾಲೆ, ಎಲ್ಲ ಅದರಲ್ಲಿವೆ. ಅದನ್ನು ನೋಡಿ ಬಹಳ ಸದಸ್ಯರು, ಈ 29ರ ಮೇಲೂ ಅಧಿಕಾರ ನಮ್ಮದೇ ಅಂದುಕೊಳ್ಳುತ್ತಾರೆ. ತರಬೇತಿಗಳಲ್ಲೂ ಹಾಗೇ ಹೇಳಿ ಕಳಿಸುತ್ತಾರೆ. ಆದರೆ 243ಜಿ ವಿಧಿಯನ್ನು ನಿಧಾನವಾಗಿ ಓದಿ. ರಾಜ್ಯದ ಶಾಸಕಾಂಗ ಕಾನೂನು ಮಾಡಿ ಪಂಚಾಯ್ತಿಗಳಿಗೆ ಅಧಿಕಾರ "ಕೊಡಬಹುದು" ಅಂತಿದೆ. "ಕೊಡಬೇಕು" ಅಂತಿಲ್ಲ. ಎಷ್ಟೋ ಕೇಸುಗಳು ಈ ಒಂದು ಪದದ ಮೇಲೆ ಬಿದ್ದುಹೋಗಿವೆ. 29 ವಿಷಯಗಳ ಪಟ್ಟಿ ಬೀಗದ ಕೈ ಗೊಂಚಲು ಇದ್ದ ಹಾಗೆ. ಯಾವ ಕೈಯನ್ನು ಯಾರಿಗೆ ಕೊಡಬೇಕು ಅನ್ನುವುದು ವಿಧಾನಸಭೆಗೆ ಬಿಟ್ಟದ್ದು.

ಆದರೆ ಚುನಾವಣೆಯ ವಿಚಾರ ಹಾಗಲ್ಲ. ಅಲ್ಲಿ ಸಂವಿಧಾನ "ಕೊಡಬಹುದು" ಎನ್ನುವ ಮಾತೇ ಆಡಿಲ್ಲ. 243ಇ ಪ್ರಕಾರ ಅವಧಿ 5 ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು. 2006ರ ಕಿಶನ್‌ಸಿಂಗ್ ತೋಮರ್ ಕೇಸಿನಲ್ಲಿ, ಅದು ಅಹಮದಾಬಾದ್ ಪಾಲಿಕೆಯ ಚುನಾವಣೆಯದ್ದು, ಸುಪ್ರೀಂ ಕೋರ್ಟು ಇದೇ ಮಾತನ್ನು ಬಿಗಿಯಾಗಿ ಹೇಳಿದೆ. ಹೀಗಿದ್ದೂ ನಮ್ಮಲ್ಲಿ ಏನಾಯಿತು ನೋಡಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. 2021ಕ್ಕೆ ಅವಧಿ ಮುಗಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ವಿಷಯ ಹೈಕೋರ್ಟಿಗೆ ಹೋಯಿತು. ಕ್ಷೇತ್ರ, ಮೀಸಲಾತಿ ಅಂತ ವರ್ಷಗಟ್ಟಲೆ ಎಳೆಯಿತು. ಅಷ್ಟೂ ಕಾಲ ಆಡಳಿತಾಧಿಕಾರಿಗಳೇ ನಡೆಸಿದರು. ಇದರ ಪೆಟ್ಟು ನೇರವಾಗಿ ನಿಮಗೆ ಬೀಳುತ್ತದೆ. ಮೇಲೆ ತಾಲ್ಲೂಕು ಪಂಚಾಯ್ತಿಯಲ್ಲಿ ಚುನಾಯಿತ ಅಧ್ಯಕ್ಷರೊಬ್ಬರು ಇದ್ದರೆ ನೀವು ಇಒ ಮುಂದೆ ಒಂಟಿಯಾಗಿ ನಿಲ್ಲಬೇಕಾಗುವುದಿಲ್ಲ. ನನಗೆ ಇದರ ಬಗ್ಗೆ ಬಹಳ ನೋವಿದೆ.

ನಮ್ಮ ಕಡೆಯ ಹಿರಿಯರನ್ನು ಕೇಳಿ ನೋಡಿ, ಮಂಡಲ ಪಂಚಾಯ್ತಿ ಕಾಲ ನೆನಪಿಸಿಕೊಳ್ಳುತ್ತಾರೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್‌ಸಾಬ್ ಪಂಚಾಯ್ತಿ ಮಂತ್ರಿ. 1983ರ ಕಾಯ್ದೆ, 1987ರಲ್ಲಿ ಚುನಾವಣೆ. ಆಗ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ ಅಲ್ವಾ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಸಂವಿಧಾನ ತಿದ್ದುಪಡಿ ಆಗುವ ಮೊದಲೇ ಅಷ್ಟನ್ನು ಒಂದು ರಾಜ್ಯದ ಕಾಯ್ದೆ ಕೊಟ್ಟಿತ್ತು. ಕೊಟ್ಟದ್ದು ಕಾಯ್ದೆ. ಆದ್ದರಿಂದ ಇನ್ನೊಂದು ಕಾಯ್ದೆ ಬಂದಾಗ ಅದರಲ್ಲಿ ಬಹಳಷ್ಟು ಹೋಯಿತು.

ನಿಮ್ಮ ಮಗ ಹೇಳಿದ ಸ್ಕಾಟ್ಲೆಂಡಿನ ಕಥೆಯೂ ಇದೇ. ಅವನು ಹೇಳಿದ್ದು ನಿಜ, ಆದರೆ ಅರ್ಧ. ಸ್ಕಾಟ್ಲೆಂಡಿಗೆ ಪಾರ್ಲಿಮೆಂಟು ಸಿಕ್ಕಿದ್ದು ಲಂಡನ್ನಿನ ಪಾರ್ಲಿಮೆಂಟು ಮಾಡಿದ 1998ರ ಕಾಯ್ದೆಯಿಂದ. ಅದರಲ್ಲಿ ಕೆಲವು ವಿಷಯಗಳನ್ನು ಲಂಡನ್ ತನಗೇ ಇಟ್ಟುಕೊಂಡಿದೆ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಒಕ್ಕೂಟ ಅವುಗಳಲ್ಲಿ ಒಂದು. ಸ್ವಾತಂತ್ರ್ಯದ ಬಗ್ಗೆ ಜನಮತ ಕೇಳಲು ನಮಗೆ ಅಧಿಕಾರ ಇದೆಯಾ ಎಂದು ಸ್ಕಾಟ್ಲೆಂಡಿನ ಕಡೆಯವರು ಕೋರ್ಟನ್ನೇ ಕೇಳಿದರು. ಇದು ಬರೀ ಅಭಿಪ್ರಾಯ ಕೇಳುವುದು, ಇದರಿಂದ ತಾನಾಗಿಯೇ ಏನೂ ಆಗುವುದಿಲ್ಲ ಎಂದು ವಾದಿಸಿದರು. 2022ರ ನವೆಂಬರ್ 23ರಂದು ಐವರು ನ್ಯಾಯಾಧೀಶರು ಒಮ್ಮತದಿಂದ ಆಗುವುದಿಲ್ಲ ಅಂದರು. ಅಭಿಪ್ರಾಯ ಕೇಳುವುದೇ ಆದರೂ ವಿಷಯ ಒಕ್ಕೂಟಕ್ಕೆ ಸಂಬಂಧಿಸಿದ್ದು, ಅದು ಲಂಡನ್ನಿಗೆ ಬಿಟ್ಟದ್ದು ಅಂದರು.

ಆದರೆ ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಗನಿಗೆ ಇದನ್ನು ಹೇಳಿ. ಸ್ಕಾಟ್ಲೆಂಡಿನ ಕಾಯ್ದೆ, ಯಾವುದು ನಿನ್ನದಲ್ಲ ಅಂತ ಪಟ್ಟಿ ಮಾಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಅವರದ್ದೇ. ನಮ್ಮ ಪಂಚಾಯ್ತಿಗೆ ಉಲ್ಟಾ. ಯಾವುದು ನಿನ್ನದು ಅಂತ ಕಾಯ್ದೆ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ನಿಮ್ಮದು. ಹಾಗಾಗಿ ನೀವು ಪ್ರತಿ ಸಲ ಪ್ರಕರಣದ ನಂಬರ್ ತೋರಿಸಬೇಕು.

ದೆಹಲಿಯದ್ದನ್ನೂ ಅವನು ಓದಿರುತ್ತಾನೆ. ಅಧಿಕಾರಿಗಳ ನೇಮಕ, ವರ್ಗಾವಣೆ ಯಾರ ಕೈಯಲ್ಲಿರಬೇಕು ಎಂದು ದೆಹಲಿ ಸರ್ಕಾರ ವರ್ಷಗಟ್ಟಲೆ ಬಡಿದಾಡಿತು. 2023ರ ಮೇ 11ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ದೆಹಲಿ ಸರ್ಕಾರದ ಪರ ಹೇಳಿತು. ಎಂಟೇ ದಿನ. ಮೇ 19ಕ್ಕೆ ಕೇಂದ್ರ ಸುಗ್ರೀವಾಜ್ಞೆ ತಂದಿತು, ಆಗಸ್ಟಿನಲ್ಲಿ ಅದು ಕಾಯ್ದೆಯೇ ಆಯಿತು. ಕೋರ್ಟಿನಲ್ಲಿ ಗೆದ್ದದ್ದು ಕೈಯಲ್ಲಿ ಉಳಿಯಬೇಕಾದರೆ ಆ ಅಧಿಕಾರದ ಬೇರು ಎಲ್ಲಿದೆ ಅನ್ನುವುದು ಮುಖ್ಯ.

ಹಾಗಾದರೆ ಒಡಿಶಾದ ಗ್ರಾಮಸಭೆ ಹೇಗೆ ಗೆದ್ದಿತು? ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿ ವಿಚಾರ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು, ಬೆಟ್ಟದ ಜನರ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಿ ಅಂದಿತು. ಆ ವರ್ಷವೇ 12 ಗ್ರಾಮಸಭೆಗಳು ಕೂಡಿದವು. ಹನ್ನೆರಡೂ ಬೇಡ ಅಂದವು. ಗಣಿ ನಿಂತಿತು. ಇದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ, ನನಗೂ ಹಾಗೇ. ಆದರೆ ಅಲ್ಲಿ ಗ್ರಾಮಸಭೆಯ ಕೈಗೆ ಬಲ ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ ಮತ್ತು ಪರಿಶಿಷ್ಟ ಪ್ರದೇಶಗಳಿಗೆಂದೇ ಇರುವ 1996ರ ಪೆಸಾ ಕಾಯ್ದೆ. ಪೆಸಾ ನಡೆಯುವುದು 5ನೇ ಅನುಸೂಚಿಯ ಪ್ರದೇಶಗಳಲ್ಲಿ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. ಅರಣ್ಯ ಹಕ್ಕು ಕಾಯ್ದೆ ನಮ್ಮಲ್ಲೂ ಇದೆ, ಆದರೆ ಅರಣ್ಯ ಭೂಮಿಗೆ ಮಾತ್ರ. ನೀವು ಹೇಳಿದ ಸರ್ವೆ ನಂಬರ್ ಪಹಣಿಯಲ್ಲಿ ಪಟ್ಟಾ ಜಮೀನಾ, ಗೋಮಾಳವಾ, ಅರಣ್ಯವಾ ನೋಡಿ. ಪಟ್ಟಾ ಆಗಿದ್ದರೆ ನಿಯಮಗಿರಿ ತೀರ್ಪು ಹಿಡಿದು ಹೋಗಬೇಡಿ. ಎದುರಿನ ವಕೀಲರು ಎರಡು ನಿಮಿಷದಲ್ಲಿ ಅದನ್ನು ಪಕ್ಕಕ್ಕಿಡುತ್ತಾರೆ. ಜೊತೆಗೆ ನಿಮ್ಮ ಒಳ್ಳೆಯ ವಾದಗಳ ಮೇಲಿನ ನಂಬಿಕೆಯೂ ತಗ್ಗುತ್ತದೆ.

ನಿಮಗೆ ಹತ್ತಿರದ ಕಥೆ ಅಂದರೆ ಕೇರಳದ್ದು. ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಪಂಚಾಯ್ತಿ. ಅದರ ವ್ಯಾಪ್ತಿಯ ಪ್ಲಾಚಿಮಡದಲ್ಲಿ ಕೋಕಾ ಕೋಲಾ ಕಾರ್ಖಾನೆ 2000ದಲ್ಲಿ ಶುರುವಾಯಿತು. ಬಾವಿಗಳ ನೀರು ಇಳಿಯಿತು, ರುಚಿ ಕೆಟ್ಟಿತು ಎಂದು ಜನ ಎದ್ದರು. 2003ರಲ್ಲಿ ಪಂಚಾಯ್ತಿ ಲೈಸೆನ್ಸ್ ನವೀಕರಿಸಲಿಲ್ಲ. ರಾಜ್ಯ ಸರ್ಕಾರ ನಡುವೆ ಬಂದಿತು, ಪಂಚಾಯ್ತಿ ಹೈಕೋರ್ಟಿಗೆ ಹೋಯಿತು. ಆ ವರ್ಷ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಬಹಳ ದೊಡ್ಡ ಮಾತು ಹೇಳಿತು: ಅಂತರ್ಜಲ ಎಲ್ಲರ ಆಸ್ತಿ, ಅದನ್ನು ಕಾಪಾಡುವ ಹೊಣೆ ಸರ್ಕಾರಕ್ಕೂ ಪಂಚಾಯ್ತಿಗೂ ಇದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ನೀರು ಜಾಸ್ತಿ ಎತ್ತುತ್ತಾರೆ ಅಂತ ಪಂಚಾಯ್ತಿ ಇಡೀ ಕಾರ್ಖಾನೆ ಮುಚ್ಚಿಸಲು ಬರುವುದಿಲ್ಲ, ನೀರು ಎತ್ತುವುದನ್ನು ತಡೆಯಬಹುದು ಅಷ್ಟೇ ಅಂದಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನೂ ಬದಲಿಸಿತು. ತಜ್ಞರ ವರದಿ ಇಟ್ಟುಕೊಂಡು, ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದು ಅಂದಿತು. ಜನರ ಕಣ್ಣೀರು ಒಂದು ಕಡೆ, ತಜ್ಞರ ಅಂಕಿ ಇನ್ನೊಂದು ಕಡೆ ಬಂದಾಗ ಕೋರ್ಟು ಅಂಕಿಯ ಕಡೆ ವಾಲಿತು. ಕಾರ್ಖಾನೆ 2004ರಲ್ಲೇ ನಿಂತಿತ್ತು, ಮತ್ತೆ ತೆರೆಯಲಿಲ್ಲ. 2017ರಲ್ಲಿ ಕಂಪನಿಯೇ ಸುಪ್ರೀಂ ಕೋರ್ಟಿನಲ್ಲಿ, ಮತ್ತೆ ಶುರು ಮಾಡುವ ಉದ್ದೇಶ ಇಲ್ಲ ಅಂದಿತು. ಆ ಊರು ಉಳಿದದ್ದು ಹಟ ಬಿಡದ ಜನರಿಂದ. ಕೋರ್ಟಿನಲ್ಲಿ ಪಂಚಾಯ್ತಿ ಸೋತದ್ದು ಅಂಕಿಗಳಲ್ಲಿ.

ಅದನ್ನು ನೆನಪಲ್ಲಿ ಇಟ್ಟುಕೊಂಡು ನಿಮ್ಮ ವಿಷಯಕ್ಕೆ ಬರೋಣ.

ನಿಮ್ಮ ಕೈಯಲ್ಲಿರುವ ಬಲ 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ 66ನೇ ಪ್ರಕರಣ. ಪಂಚಾಯ್ತಿ ವ್ಯಾಪ್ತಿಯಲ್ಲಿ ಕಾರ್ಖಾನೆ ಕಟ್ಟಲು, ವಿದ್ಯುತ್ತಿನಿಂದ ನಡೆಯುವ ಯಂತ್ರ ಕೂರಿಸಲು ಗ್ರಾಮ ಪಂಚಾಯ್ತಿಯ ಅನುಮತಿ ಬೇಕು ಅನ್ನುತ್ತದೆ ಅದು. ಕಟ್ಟಡಕ್ಕೆ 64 ಇದೆ. ಇವು ಕಾಯ್ದೆ ಬಾಯಿಬಿಟ್ಟು ಕೊಟ್ಟ ಅಧಿಕಾರ. ಅನುಮತಿ ಕೊಡುವ ಹಕ್ಕು ಇದ್ದವರಿಗೆ, ಸರಿಯಾದ ಕಾರಣ ಇದ್ದರೆ ನಿರಾಕರಿಸುವ ಹಕ್ಕೂ ಇರುತ್ತದೆ. ಇಲ್ಲದಿದ್ದರೆ ನೀವು ಬರೀ ಮೊಹರು ಒತ್ತುವವರಾಗುತ್ತೀರಿ. ಈ ಮಾತನ್ನು ರಿಟ್ ಅರ್ಜಿಯ ಮೊದಲ ಪುಟದಲ್ಲೇ ಹೇಳಬೇಕು.

ಇಒ ಅಪೀಲು ಕೇಳಿದ್ದು 269ನೇ ಪ್ರಕರಣದ ಕೆಳಗೆ. ಅದು ಅವರಿಗೆ ಇರುವ ಅಧಿಕಾರವೇ. ಆದರೆ ಅಪೀಲು ಅಂದರೆ ಎರಡೂ ಕಡೆ ಕೇಳಬೇಕು. ನಿಮ್ಮ ಪತ್ರದಲ್ಲಿ ಒಂದು ವಿಷಯ ಓದಿ ನನಗೆ ಸ್ವಲ್ಪ ಆಸೆ ಹುಟ್ಟಿತು. ಅಪೀಲಿನ ನೋಟಿಸು ಪಿಡಿಒ ಮೇಜಿಗೆ ಬಂತು, ಪಂಚಾಯ್ತಿ ಸಭೆಯ ಮುಂದೆ ಬರಲೇ ಇಲ್ಲ ಅಂದಿದ್ದೀರಿ. ಪಿಡಿಒ ಹೋಗಿ "ಕಾನೂನಿನಂತೆ ಕ್ರಮ ಆಗಲಿ" ಎಂದು ಹೇಳಿ ಬಂದರಂತೆ. ಹಾಗಿದ್ದರೆ ಪಂಚಾಯ್ತಿಯ ಮಾತು ಯಾರೂ ಕೇಳಿಲ್ಲ. ಪಿಡಿಒ ಸರ್ಕಾರಿ ನೌಕರರು. ಸಂಬಳ ಮೇಲಿಂದ, ಕೆಲಸ ನಿಮ್ಮ ಜೊತೆ. ಅವರ ಪಾಡೂ ಕಷ್ಟದ್ದೇ, ಇಒ ಮುಂದೆ ನಿಂತು ಇಒ ತಪ್ಪು ಅನ್ನಲು ಎಲ್ಲರಿಗೂ ಆಗುವುದಿಲ್ಲ. ಆದರೆ ಅವರು ಮಾತಾಡದೆ ಬಂದದ್ದನ್ನು ಪಂಚಾಯ್ತಿಯ ಒಪ್ಪಿಗೆ ಅಂತ ತಿಳಿಯಬಾರದು. ಟಪಾಲು ವಹಿಯಲ್ಲಿ ಆ ನೋಟಿಸು ಯಾವ ದಿನ ಬಂತು, ಆಮೇಲೆ ಎಷ್ಟು ಸಭೆ ನಡೆದವು, ಯಾವುದರ ಕಾರ್ಯಸೂಚಿಯಲ್ಲೂ ಅದು ಇರಲಿಲ್ಲವಾ, ನೋಡಿ ಬರೆದಿಟ್ಟುಕೊಳ್ಳಿ. ಇದು ನಿಮ್ಮ ಗಟ್ಟಿ ನೆಲೆ.

237ನೇ ಪ್ರಕರಣದ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಕಾನೂನಿಗೆ ವಿರುದ್ಧವಾದ ಅಥವಾ ಜನರಿಗೆ ಹಾನಿ ಆಗುವ ಠರಾವನ್ನು ಜಾರಿಯಾಗದಂತೆ ತಡೆಯುವ ಅಧಿಕಾರ ಅದು. 2023ರ ಜನವರಿಯಲ್ಲಿ ಲಂಡನ್ ಸರ್ಕಾರ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಪಾಸು ಮಾಡಿದ ಲಿಂಗ ಗುರುತಿನ ಮಸೂದೆಯನ್ನು ಅದೇ 1998ರ ಕಾಯ್ದೆಯ 35ನೇ ಪ್ರಕರಣ ಹಿಡಿದು ತಡೆಯಿತು. 237 ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ವಿಷಯ ನಿನ್ನದೇ ಇರಲಿ, ಆದರೂ ಮೇಲಿನಿಂದ ಒಂದು ಕೈ ಬಂದು ತಡೆಯಬಹುದು. ಸ್ಕಾಟ್ಲೆಂಡ್ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಸೋತಿತು. ಆದರೆ ಕೋರ್ಟು, ಇದನ್ನು ಪ್ರಶ್ನಿಸುವ ಹಾಗೇ ಇಲ್ಲ ಅನ್ನಲಿಲ್ಲ. ತಡೆದವರು ಕಾರಣ ಕೊಟ್ಟಿದ್ದಾರಾ, ಆ ಕಾರಣ ನಿಲ್ಲುತ್ತದಾ ಎಂದು ಕೂತು ನೋಡಿತು. ಇಲ್ಲೂ ಅಷ್ಟೇ. ಕಾರಣ ಇಲ್ಲದೆ 237 ಹಿಡಿದರೆ ಅದೂ ಬೀಳುತ್ತದೆ.

ರಿಟ್‌ನಲ್ಲಿ ಏನು ಕೇಳಬೇಕು? ನನ್ನ ಸಲಹೆ ನಿಮಗೆ ಸ್ವಲ್ಪ ನಿರಾಸೆ ತರಬಹುದು. ಕ್ರಷರ್ ಬೇಡವೇ ಬೇಡ ಎಂದು ಕೋರ್ಟಿನಿಂದ ಹೇಳಿಸಲು ಹೋಗಬೇಡಿ. ನಿಮ್ಮ ಒಂದು ಸಾಲಿನ ಠರಾವಿನ ಮೇಲೆ ಅದು ಸಿಗುವುದು ಕಷ್ಟ. ಪಂಚಾಯ್ತಿಯನ್ನು ಕೇಳದೆ ಇಒ ಮಾಡಿದ ಆದೇಶ ರದ್ದಾಗಲಿ, ಅರ್ಜಿ ಮತ್ತೆ ಪಂಚಾಯ್ತಿ ಮುಂದೆ ಬರಲಿ, ಅಲ್ಲಿವರೆಗೆ ಕೆಲಸ ನಿಲ್ಲಲಿ ಎಂದು ಕೇಳಿ. ಅದು ಸಿಕ್ಕಿದರೆ ಇನ್ನೊಮ್ಮೆ ಸರಿಯಾಗಿ ತೀರ್ಮಾನಿಸುವ ಅವಕಾಶ ನಿಮ್ಮ ಕೈಗೆ ಬರುತ್ತದೆ.

ಆಗ ಮಾಡಬೇಕಾದ ಕೆಲಸ ಇದೆ. ಅರ್ಜಿದಾರರಿಗೆ ನೋಟಿಸು ಕೊಟ್ಟು ಕರೆಯಿರಿ, ಅವರು ಹೇಳಿದ್ದನ್ನೂ ಬರೆಯಿರಿ. ಸ್ಥಳಕ್ಕೆ ಹೋಗಿ ಮಹಜರು ಮಾಡಿ. ಟೇಪು ಹಿಡಿದು ಅಳೆಯಿರಿ: ಕ್ರಷರ್ ಜಾಗದಿಂದ ಕೆರೆ ಏರಿಗೆ ಎಷ್ಟು, ಶಾಲೆ ಗೇಟಿಗೆ ಎಷ್ಟು, ಮೊದಲ ಮನೆಗೆ ಎಷ್ಟು, ಕುಡಿಯುವ ನೀರಿನ ಬೋರ್‌ಗೆ ಎಷ್ಟು. ಟಿಪ್ಪರ್ ಓಡಾಡುವ ರಸ್ತೆಯ ಅಗಲ ಎಷ್ಟು. ಶಾಲೆಯ ಮುಖ್ಯೋಪಾಧ್ಯಾಯರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಒಂದೊಂದು ಪತ್ರ ತೆಗೆದುಕೊಳ್ಳಿ. ಆಮೇಲೆ ಠರಾವು ಬರೆಯುವಾಗ 66ನೇ ಪ್ರಕರಣ ಅಂತ ಹೆಸರಿಸಿ, ಒಂದೊಂದು ಕಾರಣಕ್ಕೆ ಒಂದೊಂದು ಸಾಲು. "ಗ್ರಾಮಸ್ಥರ ವಿರೋಧ" ಅನ್ನುವುದು ಕೊನೆಯ ಸಾಲಾಗಿರಲಿ. ವಿರೋಧ ಇದೆ ಅನ್ನುವುದು ಕಾನೂನಿನ ಕಣ್ಣಿಗೆ ಕಾರಣ ಆಗುವುದಿಲ್ಲ, ಯಾಕೆ ವಿರೋಧ ಅನ್ನುವುದು ಆಗುತ್ತದೆ. ಗ್ರಾಮಸಭೆಯ ನಡಾವಳಿ ಬೇರೆ, ಪಂಚಾಯ್ತಿ ಸಭೆಯ ನಡಾವಳಿ ಬೇರೆ. ಎರಡನ್ನೂ ಬೆರೆಸಬೇಡಿ. 66 ಅಧಿಕಾರ ಕೊಟ್ಟದ್ದು ಪಂಚಾಯ್ತಿಗೆ, ಹಾಗಾಗಿ ತೀರ್ಮಾನ ನಿಮ್ಮದಾಗಿಯೇ ಕಾಣಬೇಕು.

ಇನ್ನೊಂದು ಕಡೆಯೂ ಗಮನ ಇರಲಿ. ಕ್ರಷರ್‌ಗಳಿಗೆಂದೇ 2011ರ ಪ್ರತ್ಯೇಕ ಕಾಯ್ದೆ ಇದೆ. ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ. ಜಾಗ ಸುರಕ್ಷಿತ ವಲಯ, ಅಂದರೆ ಕ್ರಷರ್ ಹಾಕಲು ಯೋಗ್ಯ ಎಂದು ಗೊತ್ತು ಮಾಡಿದ ಜಾಗ, ಆಗಿರಬೇಕು. ಎದುರಿನವರು, ವಿಶೇಷ ಕಾಯ್ದೆ ಇರುವಾಗ ಪಂಚಾಯ್ತಿ ಮಾತು ಯಾಕೆ ಅನ್ನಬಹುದು. ಇದು ನಿಜವಾಗಿ ಗಟ್ಟಿ ವಾದ, ನಿಮ್ಮ ವಕೀಲರು ಇದಕ್ಕೆ ತಯಾರಾಗಿ ಹೋಗಬೇಕು. ನನ್ನ ಪ್ರಕಾರ ಎರಡೂ ಒಟ್ಟಿಗೆ ನಿಲ್ಲುತ್ತವೆ: ಅವರ ಲೈಸೆನ್ಸ್ ಅವರು ನೋಡುತ್ತಾರೆ, ಊರಿನ ಅನುಮತಿ ನೀವು ನೋಡುತ್ತೀರಿ. ಆದರೂ ಒಂದೇ ಬಾಗಿಲನ್ನು ನಂಬಬೇಡಿ. ಆ ಪ್ರಾಧಿಕಾರಕ್ಕೂ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಪಂಚಾಯ್ತಿ ಹೆಸರಲ್ಲಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯ ಇದೆ. ಆ ಗುಡ್ಡ ಅಭಯಾರಣ್ಯಕ್ಕಾಗಲಿ, ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯಕ್ಕಾಗಲಿ ಸೇರುತ್ತದಾ ಎಂದು ಅರಣ್ಯ ಇಲಾಖೆಯಿಂದ ಬರವಣಿಗೆಯಲ್ಲಿ ಕೇಳಿ. ಸೇರಿದ್ದರೆ ನಿಮ್ಮ ಕೆಲಸ ಬಹಳ ಹಗುರ ಆಗುತ್ತದೆ.

ಪಿಡಿಒ ವಕಾಲತ್ತಿಗೆ ಸಹಿ ಮಾಡದಿದ್ದರೆ? ಮೊದಲು ಪಂಚಾಯ್ತಿ ಸಭೆಯಲ್ಲಿ, ಇಒ ಆದೇಶದ ಮೇಲೆ ಹೈಕೋರ್ಟಿಗೆ ಹೋಗಲು ಅಧ್ಯಕ್ಷರಿಗೆ ಅಧಿಕಾರ ಕೊಟ್ಟು ಠರಾವು ಮಾಡಿ. ಆ ಠರಾವಿನ ಪ್ರತಿ ಇಲ್ಲದೆ ಯಾವ ವಕೀಲರೂ ನಿಮ್ಮ ಪರ ನಿಲ್ಲಲು ಆಗುವುದಿಲ್ಲ. ಅಲ್ಲೂ ಅಡ್ಡಿ ಬಂದರೆ, ತೊಂದರೆಗೆ ಒಳಗಾಗುವ ಊರಿನವರೇ, ಪಕ್ಕದ ಹೊಲದವರೇ ತಮ್ಮ ಹೆಸರಲ್ಲಿ ರಿಟ್ ಹಾಕಬಹುದು. ಪಂಚಾಯ್ತಿಯನ್ನು ಅದರಲ್ಲಿ ಪ್ರತಿವಾದಿ ಮಾಡಿದರೆ ನೀವು ಅಲ್ಲಿಂದಲೂ ನಿಮ್ಮ ಮಾತು ಹೇಳಬಹುದು. ಜಗಳೂರಿನಿಂದ ಧಾರವಾಡ ಹತ್ತಿರ ಅಂತ ಕೆಲವರು ಅಲ್ಲಿಗೆ ಹೋಗಿ ಬಂದಿದ್ದಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರು ಪೀಠದ ವ್ಯಾಪ್ತಿ. ರಿಟ್‌ಗೆ ಇಷ್ಟೇ ದಿನ ಅಂತ ಗಡುವು ಇಲ್ಲದಿದ್ದರೂ ತಡ ಮಾಡಬೇಡಿ. ಯಂತ್ರ ಕೂತು ಜಲ್ಲಿ ಬೀಳಲು ಶುರುವಾದ ಮೇಲೆ ಸ್ಟೇ ಸಿಗುವುದು ಬಹಳ ಕಷ್ಟ.

ಇಒ ಆದೇಶದ ದೃಢೀಕೃತ ನಕಲಿಗೆ ನಾಳೆಯೇ ಅರ್ಜಿ ಹಾಕಿ. ಅಪೀಲಿನ ಇಡೀ ಕಡತದ ನಕಲೂ ಬೇಕು, ಬರೀ ಆದೇಶ ಸಾಲದು. ಕೊಡುವುದಿಲ್ಲ ಅಂದರೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ ಪಡೆಯಿರಿ. ಕಾಗದ ಕೈಗೆ ಬರುವುದರೊಳಗೆ ಮಗನನ್ನು ಕರೆದುಕೊಂಡು ಗುಡ್ಡದ ಹತ್ತಿರ ಹೋಗಿ ಬನ್ನಿ. ಲಾ ಓದುವವನಿಗೆ ಇದು ಒಳ್ಳೆಯ ಕೆಲಸ. ಟೇಪಿನ ಒಂದು ತುದಿ ಅವನು ಹಿಡಿಯಲಿ, ಕೆರೆ ಏರಿಯಿಂದ ಎಷ್ಟು ಮೀಟರ್ ಅಂತ ನೀವು ಬರೆದುಕೊಳ್ಳಿ. ಆ ಲೆಕ್ಕ ಮತ್ತು ಟಪಾಲು ವಹಿಯ ಪುಟ, ಎರಡನ್ನೂ ನನಗೆ ಕಳಿಸಿ.